ಕೃಷ್ಣಾ ದಾಟದ ಟ್ಯಾಕ್ಸಿ

ಮಲ್ಕಾಜ್‌ಗಿರಿ
ಹೈದರಾಬಾದ್, ೧೨ ಅಕ್ಟೋಬರ್ ೨೦೨೪, ಶನಿವಾರ, ಬನ್ನಿ ಹಬ್ಬ

ಚಿ. ನಿರೀಕ್ಷಾಳಿಗೆ ಆಯಿಯ ಆಶೀರ್ವಾದ.

ನಿನ್ನ ಹಾಸ್ಟೆಲ್ಲಿನವರಿಗೆ ದಸರೆ ಅಂದರೇನೆಂದು ಯಾರೂ ಹೇಳಿಕೊಟ್ಟಂತಿಲ್ಲ. ಡಾಕ್ಟರ್ ಪರೀಕ್ಷೆಗೆ ಎರಡನೇ ಸಲ ಕೂರುವ ಮಕ್ಕಳಿಗೆ ಹಬ್ಬವಿಲ್ಲವೆಂದು ಯಾವ ಪುಸ್ತಕದಲ್ಲಿ ಬರೆದಿದೆಯೋ ಕೇಳಿ ನೋಡು. ಫೋನೂ ಕಸಿದಿಟ್ಟುಕೊಂಡಿದ್ದಾರೆ. ಭಾನುವಾರಕ್ಕೊಮ್ಮೆ ಹತ್ತು ನಿಮಿಷ ಮಾತಾಡಲು ಬಿಟ್ಟರೆ ಒಂಬತ್ತು ನಿಮಿಷ ನಿಮ್ಮಪ್ಪ ಮಾರ್ಕು ಕೇಳುತ್ತಾನೆ, ಉಳಿದ ಒಂದು ನಿಮಿಷ ನಿಮ್ಮವ್ವ ಅಳುತ್ತಾಳೆ. ನನ್ನ ಪಾಲಿಗೆ ಬರುವುದು ಫೋನ್ ಇಟ್ಟ ಸದ್ದು. ಅದಕ್ಕೇ ಈ ಕಾಗದ. ನಾಲ್ಕನೇ ಇಯತ್ತೆಯವರೆಗೆ ಕಲಿತ ಅಕ್ಷರ. ನಿನಗೆ ಓದಲು ಬಾರದಿದ್ದರೆ ಆ ತಪ್ಪೂ ನನ್ನದೇ, ನಿನಗೆ ಕನ್ನಡ ಕಲಿಸಿದವಳು ನಾನಲ್ಲವೇ.

ಒಳಗೆ ನಾಲ್ಕು ಬನ್ನಿ ಎಲೆ ಇಟ್ಟಿದ್ದೇನೆ. ಬಂಗಾರ ಅಂದುಕೊಂಡು ತೆಗೆದುಕೋ.

ಇನ್ನೊಂದು ಮಾತು ಹೇಳುವುದಿದೆ. ನಿನ್ನೆ ಖಂಡೇಪೂಜೆ ಆಯಿತು. ನಿಮ್ಮಪ್ಪನ ಸ್ಕೂಟರ್, ನಿಮ್ಮವ್ವನ ಮಿಕ್ಸಿ, ನನ್ನ ಈಳಿಗೆ, ಎಲ್ಲಾ ತೊಳೆದು ವಿಭೂತಿ ಹಚ್ಚಿ ಸಾಲಾಗಿ ಇಟ್ಟೆವು. ಆಗ ನಿನ್ನ ಕಪಾಟಿನ ಮೇಲಿನ ಗಾಡಿ ಕಣ್ಣಿಗೆ ಬಿತ್ತು. ಬೇಸಿಗೆಯೆಲ್ಲಾ ಬಗ್ಗಿ ಕೂತು ನೀನು ಕಟ್ಟಿದ ನಮ್ಮ ಯಜಮಾನರ, ನಿನ್ನ ಮುತ್ಯಾನ ಟ್ಯಾಕ್ಸಿ. ಅಂಬಾಸಿಡರಿನ ಕಿಟ್ ಸಿಗಲಿಲ್ಲವೆಂದು ಅದರ ಅಣ್ಣನಂಥ ವಿಲಾಯಿತಿ ಕಾರಿನ ಪ್ಲಾಸ್ಟಿಕ್ ತುಂಡುಗಳನ್ನು ತಂದು, ಉಗುರು ಉಜ್ಜುವ ಅರದಿಂದ ಮೂತಿ ತಿದ್ದಿ, ಕಪ್ಪು ಮೈ ಹಳದಿ ತಲೆ ಮಾಡಿದ್ದೆಯಲ್ಲ, ಅದೇ. ಅಂಗೈಗಿಂತ ತುಸು ಉದ್ದವಿದ್ದರೇನು, ಗಾಡಿ ಗಾಡಿಯೇ. ಮೈಮೇಲೆ ಧೂಳು, ತುಕ್ಕು, ಹಕ್ಕಿಯ ಹಿಕ್ಕೆ. ಹಬ್ಬದ ದಿನ ಗಾಡಿಯನ್ನು ಹಾಗೆ ಇಡುವುದುಂಟೇ? ಬಕೆಟ್ಟಿನಲ್ಲಿ ಅದ್ದಿ, ಸೀಗೆಪುಡಿ ಹಾಕಿ, ಹಳೆಯ ಬ್ರಶ್ಶಿನಿಂದ ತಿಕ್ಕಿದೆ. ಧೂಳು ಹೋಯಿತು. ಅದರ ಹಿಂದೆಯೇ ಬಣ್ಣವೂ ಸುಲಿದುಕೊಂಡು ಬಂತು. ನಂಬರ್ ಪ್ಲೇಟಿನ ಅಂಕಿಗಳೂ ಹೋದವು.

ಹಳ್ಳಿ ಹೆಂಗಸು, ತಿಳಿಯಲಿಲ್ಲ. ವಿಭೂತಿ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಡಲು ಹೋದೆ. ಗಾಲಿಗಿಂತ ನಿಂಬೆಯೇ ಎತ್ತರವಿತ್ತು.

ಹೊಟ್ಟೆ ತುಂಬ ಉಣ್ಣು.

ನಿನ್ನ ಆಯಿ
ಸೂಗಮ್ಮ

*

ಹಾಸ್ಟೆಲ್
೨೦ ಅಕ್ಟೋಬರ್

ಆಯಿಗೆ,

ಬನ್ನಿ ಎಲೆ ಸಿಕ್ಕಿತು.

ಅದು ಧೂಳಲ್ಲ. ಮೊದಲು ತುಕ್ಕಿನ ಬಣ್ಣ ಬಳಿದು, ಅದರ ಮೇಲೆ ಕೂದಲಿಗೆ ಹೊಡೆಯುವ ಸ್ಪ್ರೇ ಹೊಡೆದು, ಅದರ ಮೇಲೆ ಕಪ್ಪು ಹಚ್ಚಿದ್ದೆ. ನೀರು ತಾಗಿದಲ್ಲಿ ಕಪ್ಪು ಎದ್ದು ತುಕ್ಕು ಕಾಣಲಿ ಎಂದೇ ಹಾಗೆ ಮಾಡುವುದು. ನಾನು ಸೂಜಿಮೊನೆಯಷ್ಟು ನೀರು ಮುಟ್ಟಿಸಿ ಎರಡು ತಿಂಗಳು ಮಾಡಿದ್ದನ್ನು ನೀನು ಬಕೆಟ್ಟಿನಲ್ಲಿ ಮುಳುಗಿಸಿದೆ. ಕೊನೆಯ ವಾರ್ನಿಶ್ ಹೊಡೆದಿದ್ದರೆ ಉಳಿಯುತ್ತಿತ್ತು. ಅಷ್ಟರಲ್ಲಿ ಅಪ್ಪ ನನ್ನನ್ನು ಇಲ್ಲಿಗೆ ತಂದು ಬಿಟ್ಟರು.

ಡಿಸೆಂಬರ್ ೨೨ಕ್ಕೆ ಅಬಿಡ್ಸ್‌ನಲ್ಲಿ ಮಾಡೆಲ್ ಕಟ್ಟುವವರ ಪ್ರದರ್ಶನವಿದೆ. ಫೋಟೋ ಕಳಿಸಿದ್ದಕ್ಕೆ ನನಗೆ ಜಾಗ ಸಿಕ್ಕಿತ್ತು. ಬಹುಮಾನ ಬೇಕಿರಲಿಲ್ಲ. ಆ ಮೇಜಿನ ಮೇಲೆ ಮುತ್ಯಾನ ಗಾಡಿ ನಿಲ್ಲಬೇಕಿತ್ತು, ಅಷ್ಟೇ. ಸಂಕ್ರಾಂತಿಯವರೆಗೆ ನನ್ನನ್ನು ಹೊರಗೆ ಬಿಡುವುದಿಲ್ಲ, ಬಣ್ಣದ ಡಬ್ಬಿಯನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ಮುಗಿಯಿತು. ಇನ್ನೇನನ್ನೂ ಮುಟ್ಟಬೇಡ.

ಬರುವ ಮೊದಲು ಮೂರು ಸಲ ಹೇಳಿದ್ದೆ.

ನಿರೀಕ್ಷಾ

*

ಮಲ್ಕಾಜ್‌ಗಿರಿ
೨೭ ಅಕ್ಟೋಬರ್, ಭಾನುವಾರ

ನಿರೀಕ್ಷಾಳಿಗೆ,

ಮುಗಿಯಿತು ಎಂದು ಬರೆಯಲು ನಿನಗಿನ್ನೂ ಹದಿನೆಂಟು. ನನಗೆ ಎಪ್ಪತ್ತೆರಡು. ಆ ಮಾತು ಹೇಳುವ ಹಕ್ಕು ಈ ಮನೆಯಲ್ಲಿ ಯಾರಿಗಾದರೂ ಇದ್ದರೆ ನನಗಿದೆ, ನಾನೇ ಹೇಳುತ್ತಿಲ್ಲ. ಗಾಡಿ ಡಿಸೆಂಬರ್ ಇಪ್ಪತ್ತೆರಡಕ್ಕೆ ಆ ಮೇಜಿನ ಮೇಲೆ ನಿಲ್ಲುತ್ತದೆ. ಕೆಡಿಸಿದ ಕೈಯೇ ಮಾಡುತ್ತದೆ. ನೀನು ಅಲ್ಲಿಂದ ಹೇಳು, ನಾನು ಇಲ್ಲಿಂದ ಮಾಡುತ್ತೇನೆ.

ಹೇಳದಿದ್ದರೂ ಮಾಡುತ್ತೇನೆ. ಸುರು ಹಚ್ಚಿಯೂ ಆಗಿದೆ.

ತುಕ್ಕು ಬೇಕಲ್ಲ, ತುಕ್ಕನ್ನು ಪೇಟೆಯಿಂದ ತರಲು ನನಗೆ ಮರ್ಯಾದೆ ಇಲ್ಲವೇ? ಪಾತ್ರೆ ತಿಕ್ಕುವ ಕಬ್ಬಿಣದ ನಾರನ್ನು ಉಪ್ಪುನೀರಿನಲ್ಲಿ ನೆನೆಸಿ, ಕಿವಿ ಮುರಿದ ಕಪ್ಪಿನಲ್ಲಿ ಕಿಟಕಿಯ ಮೇಲಿಟ್ಟೆ. ಮೂರು ದಿನಕ್ಕೆ ಕೆಂಪಗಾಯಿತು. ನಿಮ್ಮವ್ವ ಸಂಯುಕ್ತಾ ಬಂದು ಬಗ್ಗಿ ನೋಡಿದಳು.

"ಅತ್ತೀ, ಚಹಾದ ಕಪ್ಪಿನ್ಯಾಗ ತುಕ್ಕು ಬೆಳಸಾಕತ್ತೀರಲ್ಲ, ಯಾರಾರ ಕುಡದ್ರ ಏನ್ ಗತಿರೀ?"

"ನೀ ಮಾಡೂ ಚಹಾ ಕುಡದು ಇಷ್ಟು ವರ್ಷ ಬದುಕೀವಿ. ಇದೇನ್ ಮಾಡ್ತೈತಿ?" ಎಂದೆ. ನಗುತ್ತಾ ಹೋದಳು. ಆದರೆ ಮಧ್ಯಾಹ್ನ ತನ್ನ ಕೂದಲಿನ ಸ್ಪ್ರೇ ಡಬ್ಬಿ ತಂದು ನನ್ನ ಮುಂದಿಟ್ಟಳು. ಲಗ್ನಕ್ಕೆ ಹೋಗುವಾಗ ಮಾತ್ರ ಹೊರಗೆ ಬರುವ ಡಬ್ಬಿ ಅದು.

ಕಪ್ಪು ಬಣ್ಣಕ್ಕೆ ನಾನೇ ಅಬಿಡ್ಸ್‌ಗೆ ಹೋದೆ. ಅಂಗಡಿಯವನು, "ಕಿತ್ನಾ ಬಡಾ ಗೇಟ್ ಹೈ ಅಮ್ಮಾ?" ಎಂದು ಕೇಳಿದ. ಗೇಟಲ್ಲ, ಗಾಡಿ ಎಂದೆ. ಎಷ್ಟು ದೊಡ್ಡ ಗಾಡಿ ಎಂದ. ಅಂಗೈ ತೋರಿಸಿದೆ. ಅವನು ನನ್ನ ಹಿಂದೆ ಮನೆಯವರು ಯಾರಾದರೂ ಬಂದಿದ್ದಾರೆಯೇ ಎಂದು ಇಣುಕಿ ನೋಡಿದ.

ತುಕ್ಕು ಸಾಲದೆಂದು ಇಟ್ಟಂಗಿ ಕುಟ್ಟಿ ಪುಡಿ ಮಾಡಿ ಗಾಲಿಯ ಸುತ್ತ ಹಚ್ಚಿದೆ. ದೂರದಿಂದ ಚಂದ ಕಂಡಿತು. ಹತ್ತಿರ ಬಂದು ನೋಡಿದರೆ ಯಾರೋ ಗಾಡಿಗೆ ಕಲ್ಲು ಹೊಡೆದು, ಆ ಕಲ್ಲುಗಳು ಅಲ್ಲೇ ಅಂಟಿಕೊಂಡಂತೆ ಕಂಡಿತು. ನೀನು ಬೇಸಿಗೆಯಲ್ಲಿ ಹೇಳುತ್ತಿದ್ದೆ, ಇಲ್ಲಿ ಎಲ್ಲವೂ ಇಪ್ಪತ್ತನಾಲ್ಕು ಪಟ್ಟು ಸಣ್ಣದು ಎಂದು. ಆಗ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ನಿನ್ನ ಮುತ್ಯಾನ ಮುಷ್ಟಿ ಈ ಗಾಡಿಯಲ್ಲಿ ಒಂದು ಜೋಳದ ಕಾಳಿನಷ್ಟಿರಬೇಕು. ಹಾಗಾದರೆ ಒಂದು ಇಟ್ಟಂಗಿ ಹರಳು ಅವರ ತಲೆಯಷ್ಟಾಯಿತು. ಎಲ್ಲಾ ಕೆರೆದು ತೆಗೆದೆ. ಇನ್ನು ಮುಂದೆ ಪುಡಿಯನ್ನು ಹಳೆಯ ಸೀರೆಯಲ್ಲಿ ಸೋಸುತ್ತೇನೆ, ಅದೂ ಎರಡು ಮಡಿಕೆಯಲ್ಲಿ.

ಯಾವ ಕಲೆ ಎಲ್ಲಿತ್ತು, ಬರೆದು ಕಳಿಸು. ನಾಳೆಯೇ ಕಳಿಸು.

ಆಯಿ

*

ಮಲ್ಕಾಜ್‌ಗಿರಿ
೧೦ ನವೆಂಬರ್, ಭಾನುವಾರ

ನಿರೀಕ್ಷಾಳಿಗೆ,

ನಿನ್ನ ಕಾಗದ ಇಲ್ಲ. ಫೋನಿನಲ್ಲಿಯೂ ನನ್ನನ್ನು ಕೇಳಲಿಲ್ಲವಂತೆ. ಮೌನ ಮಾಡಲು ನನಗೂ ಬರುತ್ತದೆ, ಆದರೆ ನನ್ನ ಹತ್ತಿರ ಅಷ್ಟು ದಿನಗಳಿಲ್ಲ. ಪ್ರದರ್ಶನಕ್ಕೆ ಆರೇ ವಾರ ಉಳಿದಿದೆ.

ನಾನು ಮೈಯೆಲ್ಲಾ ತುಕ್ಕಿನ ಬಣ್ಣ ಬಳಿದೆ, ಸ್ಪ್ರೇ ಹೊಡೆದೆ, ಮೈಗೆ ಕಪ್ಪು, ತಲೆಗೆ ಹಳದಿ ಹಚ್ಚಿದೆ. ಹಲ್ಲುಕಡ್ಡಿಗೆ ಹತ್ತಿ ಸುತ್ತಿ ನೀರು ಮುಟ್ಟಿಸಿ ಕೆದಕಿದೆ. ಬರುತ್ತದೆ. ಮೊದಲನೇ ದಿನ ಹುರುಪಿನಲ್ಲಿ ಅರ್ಧ ಬಾಗಿಲನ್ನೇ ಕೆದಕಿ ಹಾಕಿದೆ, ಮತ್ತೆ ಮೊದಲಿನಿಂದ ಬಳಿದೆ. ಕೈ ನಡುಗುತ್ತದೆಂದು ರೊಟ್ಟಿ ಬಡಿಯುವ ಮಣೆಯ ಮೇಲೆ ಮೊಣಕೈ ಊರಿ ಕೂರುತ್ತೇನೆ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ನಿನ್ನ ಕಿಟಕಿಗೆ ಬಿಸಿಲು ಬರುತ್ತದೆ, ಆಗಷ್ಟೇ ಕೆಲಸ. ನಿಮ್ಮಪ್ಪ ನೋಡಿ, "ಓದೂ ಹುಡುಗಿ ಗೊಂಬಿ ಗಾಡಿ ಮಾಡಿ ಒಂದ್ ವರ್ಷ ಹಾಳ್ ಮಾಡಿಕೊಂಡ್ಲು, ಈಗ ನೀ ಸುರು ಮಾಡಿದೇನು?" ಎಂದ. "ನಂದೇನ್ ಪರೀಕ್ಷಾ ಐತೋ ವಿಜಯಾ, ಫೇಲ್ ಆಗಾಕ?" ಎಂದೆ. ಆದರೆ ಪರೀಕ್ಷೆ ಇರುವುದು ನನಗೇ ಎಂದು ನನಗೆ ಗೊತ್ತು.

ಕೆದಕುತ್ತಾ ಕೂತಾಗ ಸುಳ್ಳು ಹೇಳಿಕೊಳ್ಳಲು ಆಗುವುದಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಒಂದೇ ಸಲ ಬರೆಯುತ್ತೇನೆ, ಮತ್ತೆ ಕೇಳಬೇಡ.

ನನಗೆ ತಿಳಿದಿತ್ತು. ಹಳ್ಳಿ ಹೆಂಗಸು, ತಿಳಿಯಲಿಲ್ಲ ಎಂದು ಬರೆದೆನಲ್ಲ, ಸುಳ್ಳು. ನೀನು ಮೂರು ಸಲ ಹೇಳಿದ್ದೂ ನೆನಪಿತ್ತು. ಆ ಕೊಳಕು ನಿನ್ನ ಕೈಕೆಲಸವೆಂದೂ ಗೊತ್ತಿತ್ತು. ಗೊತ್ತಿದ್ದೇ ನೀರಿಗೆ ಹಾಕಿದೆ.

ನಿನ್ನ ಮುತ್ಯಾ ಮೂವತ್ತು ವರ್ಷ ಹೈದರಾಬಾದಿನಿಂದ ರಾಯಚೂರಿಗೆ ಆ ಟ್ಯಾಕ್ಸಿ ಓಡಿಸಿದರು. ಒಂದು ದಿನವೂ ಕೊಳಕು ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿದವರಲ್ಲ. ಬಂದವರೇ ಮೊದಲು ಗಾಡಿಯ ಮುಖ ತೊಳೆಯುವರು, ಆಮೇಲೆ ತಮ್ಮದು. ಲಕ್ವಾ ಹೊಡೆದು ಎಡಗೈ ಎಡಗಾಲು ಬಿದ್ದ ಮೇಲೆ ಗಾಡಿ ಬೇವಿನಮರದ ಕೆಳಗೆ ನಿಂತಿತು. ಮೂರು ದಸರೆ ನಾನೇ ತೊಳೆದೆ. ನಾಲ್ಕನೆಯದಕ್ಕೆ ಅವರು ಕಿಟಕಿಯಿಂದ ಕೂಗಿದರು: "ಸೂಗೀ, ನಡೀಲಾರದ ಗಾಡಿಗೆ ಯಾಕ ನೀರು ಚೆಲ್ಲತಿ? ನನ್ನೂ ಹಿಂಗ ತೊಳದು ಕುರ್ಚಿ ಮ್ಯಾಲ ಕೂಡಸ್ತಿ, ಅದನ್ನೂ ಹಂಗ." ನಾನು ಕೊಡ ಕೆಳಗಿಟ್ಟು ಒಳಗೆ ಬಂದೆ. ಅವತ್ತಿನಿಂದ ಅದಕ್ಕೆ ನೀರು ಮುಟ್ಟಿಸಲಿಲ್ಲ. ತುಕ್ಕು ಹತ್ತಿತು. ಅವರು ಹೋದ ಮರುವರ್ಷ ನಿಮ್ಮಪ್ಪ ಗುಜರಿಯವನನ್ನು ಕರೆದ. ಕ್ರೇನಿಗೆ ಕಟ್ಟಿ ಎಳೆಯುವಾಗ ಒಂದು ಕಡೆಯ ಬಾಗಿಲು ಕಳಚಿ ಅಂಗಳದಲ್ಲೇ ಬಿತ್ತು. ಓಣಿಯ ಹೆಂಗಸರೆಲ್ಲಾ ನೋಡಿದರು.

ನೀನು ಕಟ್ಟಿದ ಗಾಡಿಯಲ್ಲಿ ಅದೇ ತುಕ್ಕು ಇತ್ತು. ಒಂದು ಕಲೆಯನ್ನೂ ಬಿಟ್ಟಿರಲಿಲ್ಲ. ಮುತ್ಯಾ ಓಡಿಸಿದ ಗಾಡಿಯನ್ನು ಬಿಟ್ಟು ನಾನು ಕೊಳೆಸಿದ ಗಾಡಿಯನ್ನು ಮಾಡಿದ್ದಾಳೆ, ಅದನ್ನು ಅಬಿಡ್ಸ್‌ನಲ್ಲಿ ನಾಲ್ಕು ಜನರ ಮುಂದೆ ಇಡುತ್ತಾಳೆ ಎಂದುಕೊಂಡೆ. ಹಬ್ಬದ ನೆಪ ಸಿಕ್ಕಿತು, ತೊಳೆದೆ.

ಈಗ ಗೊತ್ತಾಯಿತಲ್ಲ. ಇನ್ನು ಬೈದು ಬರೆ, ಆದರೆ ಬರೆ. ಕಲೆಗಳ ಪಟ್ಟಿಯನ್ನೂ ಕಳಿಸು. ನಾನು ಅಂದಾಜಿನ ಮೇಲೆ ತುಕ್ಕು ಹಚ್ಚುವುದಿಲ್ಲ.

ಸೂಗಮ್ಮ

*

ಹಾಸ್ಟೆಲ್
೧೯ ನವೆಂಬರ್

ಆಯಿಗೆ,

ನಿನ್ನ ಕಾಗದವನ್ನು ಕೆಮಿಸ್ಟ್ರಿ ಪುಸ್ತಕದೊಳಗೆ ಇಟ್ಟುಕೊಂಡು ಓದಿದೆ. ಸಿಟ್ಟು ಬಂತು. ಆಮೇಲೆ ಬೇರೇನೋ ಬಂತು, ಅದರ ಹೆಸರು ಗೊತ್ತಿಲ್ಲ.

ಆಯಿ, ನಿನಗೆ ಅದು ಕೊಳೆತ ಗಾಡಿ. ನನಗೆ ಬೇರೆ ಗಾಡಿಯೇ ಗೊತ್ತಿಲ್ಲ. ಅದು ಓಡಿದ್ದನ್ನು ನಾನು ನೋಡಿಯೇ ಇಲ್ಲ. ನಾನು ಶಾಲೆಯಿಂದ ಬಂದಮೇಲೆ ದಿನಾ ಸಂಜೆ ಮುತ್ಯಾ ಕೋಲು ಹಿಡಿದುಕೊಂಡು ಬೇವಿನಮರದವರೆಗೆ ನಡೆಯುತ್ತಿದ್ದರಲ್ಲ, ಗಾಳಿಗೆ ಕೂರಲು ಹೋಗುತ್ತಾರೆ ಎಂದು ನೀನು ಅಂದುಕೊಂಡಿದ್ದೆ. ನಾವು ರಾಯಚೂರಿಗೆ ಹೋಗುತ್ತಿದ್ದೆವು. ಮುತ್ಯಾ ಎಡಗಡೆಯ ಸೀಟಿನಲ್ಲಿ, ನಾನು ಸ್ಟೇರಿಂಗ್ ಮುಂದೆ ನಿಂತುಕೊಂಡು. ಗೇರ್ ಸದ್ದು ಅವರದು, ಹಾರ್ನ್ ನನ್ನದು. ಹೊರಡುವ ಮುಂಚೆ ಅವರು ಹೆಗಲ ಟವೆಲ್ಲಿನಿಂದ ನನ್ನ ಮುಂದಿನ ಗಾಜು ಮಾತ್ರ ಒರೆಸುತ್ತಿದ್ದರು. ಷಾದ್‌ನಗರದಲ್ಲಿ ಡೀಸೆಲ್, ಜಡ್ಚರ್ಲದಲ್ಲಿ ಚಹಾ, ಮೆಹಬೂಬ್‌ನಗರದಲ್ಲಿ ಪೊಲೀಸರಿಗೆ ಸಲಾಂ. ಮಕ್ತಲ್ ಬಂತು ಅನ್ನುವಷ್ಟರಲ್ಲಿ ಕತ್ತಲಾಗುತ್ತಿತ್ತು, ನೀನು ಬಾಗಿಲಿಗೆ ಬಂದು "ಊಟಕ್ಕ ಬರ್ರೀ" ಎಂದು ಕೂಗುತ್ತಿದ್ದೆ. ಮುತ್ಯಾ ತಕ್ಷಣ ಬ್ರೇಕ್ ಹಾಕುತ್ತಿದ್ದರು. "ನಾಳಿ ಕೃಷ್ಣಾ ದಾಟೂಣು" ಅನ್ನುತ್ತಿದ್ದರು. ಐದು ವರ್ಷ ಹೋದೆವು. ಒಂದು ದಿನವೂ ಕೃಷ್ಣಾ ದಾಟಲಿಲ್ಲ.

ಬಾನೆಟ್ ಮೇಲೆ ಒಂದು ಸೊಟ್ಟ ಗೆರೆ ಇತ್ತು, ನೋಡಿದ್ದೆಯಾ? ಗೀಚು ಅಂದುಕೊಂಡಿರುತ್ತೀ. ಅದು ದಾರಿ. ಧೂಳಿನ ಮೇಲೆ ಮುತ್ಯಾ ಬೆರಳಿನಿಂದ ಬರೆದು ತೋರಿಸುತ್ತಿದ್ದರು, ಎಲ್ಲಿ ತಿರುವು, ಎಲ್ಲಿ ರೈಲ್ವೆ ಗೇಟು. ನೀನು ತೊಳೆಯುವುದು ಬಿಟ್ಟಿದ್ದರಿಂದಲೇ ಬರೆಯಲು ಧೂಳಿತ್ತು.

ಪಟ್ಟಿ ಕೊಡುತ್ತೇನೆ. ಯಾವ ಕಲೆಯನ್ನೂ ಕಾರಣವಿಲ್ಲದೆ ಹಾಕಬೇಡ, ಅದೊಂದೇ ನಿಯಮ. ಡ್ರೈವರ್ ಬಾಗಿಲಿನ ಮೇಲಂಚಿನಲ್ಲಿ ಬಣ್ಣ ಸವೆದು ಕಬ್ಬಿಣ ಕಾಣಬೇಕು, ಅದು ತುಕ್ಕಲ್ಲ, ಮೂವತ್ತು ವರ್ಷದ ಮೊಣಕೈ. ಅಲ್ಲಿ ಪೆನ್ಸಿಲಿನ ಸೀಸ ಉಜ್ಜು, ಲೋಹದ ಹೊಳಪು ಬರುತ್ತದೆ. ಎಡಗಡೆ ಬಾಗಿಲಿನ ಕೆಳಗೆ ನಿಜವಾದ ತುಕ್ಕು, ಮಳೆನೀರು ಅಲ್ಲೇ ನಿಲ್ಲುತ್ತಿತ್ತು. ತಲೆಯ ಮೇಲೆ ಬೇವಿನ ಅಂಟು, ಮೂರು ಹನಿ. ಹಿಂದಿನ ಡಿಕ್ಕಿಯಲ್ಲಿ ಒಂದು ತಗ್ಗು ಇದೆ, ಅದನ್ನು ನಾನು ಬಿಸಿ ಚಮಚದಿಂದ ಮಾಡಿದ್ದು, ನೀರಿಗೆ ಹೋಗಿರುವುದಿಲ್ಲ. ಅದು ಯಾಕೆ ಆಯಿತೆಂದು ಮುತ್ಯಾ ನನಗೆ ಹೇಳಲಿಲ್ಲ. ಅಪ್ಪನನ್ನು ಕೇಳು ಅಂದಿದ್ದರು. ನಾನು ಕೇಳಿಲ್ಲ.

ನಂಬರ್ ನನಗೆ ನೆನಪಿಲ್ಲ. ಹಳೆಯ ಫೋಟೋ ನೋಡಿ ಬರೆದಿದ್ದೆ. ಆ ಫೋಟೋ ಇದ್ದ ಫೋನ್ ವಾರ್ಡನ್ ಹತ್ತಿರ ಇದೆ.

ನಿರೀಕ್ಷಾ

ಮರೆತಿದ್ದೆ: ಕಾಗದದ ಮೇಲೆ ಒಮ್ಮೆ ಪ್ರಯತ್ನಿಸದೆ ಗಾಡಿಯ ಮೇಲೆ ಏನನ್ನೂ ಮಾಡಬೇಡ.

*

ಮಲ್ಕಾಜ್‌ಗಿರಿ
೮ ಡಿಸೆಂಬರ್, ಭಾನುವಾರ

ಚಿ. ನಿರೀಕ್ಷಾಳಿಗೆ ಆಯಿಯ ಆಶೀರ್ವಾದ.

ನಿನ್ನ ಕಾಗದ ಬಂದ ದಿನ ನಾನು ಕೆಲಸಕ್ಕೆ ಕೂರಲಿಲ್ಲ. ಬೇವಿನಮರ ಕಡಿದ ಜಾಗದಲ್ಲಿ, ನಿಮ್ಮಪ್ಪನ ಸ್ಕೂಟರ್ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತೆ. ಐದು ವರ್ಷ ನನ್ನ ಕಣ್ಣ ಮುಂದೆಯೇ ರಾಯಚೂರಿಗೆ ಹೋಗಿ ಬಂದಿದ್ದೀರಿ, ನನ್ನನ್ನು ಒಂದು ದಿನವೂ ಹತ್ತಿಸಿಕೊಳ್ಳಲಿಲ್ಲ. ನನ್ನ ಊರು ಕೃಷ್ಣಾ ದಾಟಿದರೆ ಸಿಗುವ ದೇವಸೂಗೂರು ಎಂದು ಇಬ್ಬರಿಗೂ ಗೊತ್ತಿತ್ತು. ಇರಲಿ. ಹತ್ತಿಸಿಕೊಂಡಿದ್ದರೂ, ಒಲಿ ಮ್ಯಾಲ ಬ್ಯಾಳಿ ತಳ ಹತ್ತತೈತಿ, ಇಳಸ್ರಿ ನನ್ನ ಎನ್ನುತ್ತಿದ್ದೆ.

ಮರುದಿನದಿಂದ ದಿನಕ್ಕೊಂದು ಕಲೆ ಹಾಕಿದೆ. ಎಡ ಬಾಗಿಲಿಗೆ ಸೋಸಿದ ತುಕ್ಕು ಹಚ್ಚಿದೆ, ಬೆರಳಿನಲ್ಲಿ ಹಿಟ್ಟು ಉದುರಿಸಿದಂತೆ. ಅಂಟಿಗೆ ಬೆಲ್ಲದ ಪಾಕ ಹಾಕಿದ್ದೆ, ಇರುವೆ ಬಂತು, ತೆಗೆದೆ. ಈಗ ವಾರ್ನಿಶ್‌ಗೆ ಚೂರು ಹಳದಿ ಕಲಸಿ ಮೂರು ಹನಿ ಇಟ್ಟಿದ್ದೇನೆ. ಮೊಣಕೈಯ ಜಾಗಕ್ಕೆ ಪೆನ್ಸಿಲ್ ಉಜ್ಜಿದೆ. ಉಜ್ಜಿ ಉಜ್ಜಿ ಹೊಳಪು ಬಂದಾಗ ಕೈ ನಿಲ್ಲಿಸಿದೆ. ಆ ಮೊಣಕೈಗೆ ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದವಳು ನಾನೇ. ಅಂಗಿಯ ತೋಳು ಅಲ್ಲೇ ಹರಿಯುತ್ತಿತ್ತು, ತ್ಯಾಪೆ ಹಾಕುತ್ತಿದ್ದವಳೂ ನಾನೇ. ಬಾಗಿಲು ಸವೆದಿದ್ದು ಮಾತ್ರ ನನಗೆ ಕಂಡಿರಲಿಲ್ಲ.

ಗಾಜಿನ ವಿಷಯದಲ್ಲಿ ನಿನ್ನ ಮಾತನ್ನು ಅಕ್ಷರಕ್ಕಕ್ಷರ ಪಾಲಿಸಿದ್ದೇನೆ. ಎಲ್ಲಾ ಗಾಜಿಗೂ ಧೂಳು, ಡ್ರೈವರ್ ಮುಂದೆ ಮಾತ್ರ ಒರೆಸಿದ ಗುರುತು. ಒರೆಸಿದ್ದು ಬಲಗೈ ಎಂದು ತಿಳಿಯುವಂತೆ ಒರೆಸಿದ್ದೇನೆ, ಅವರಿಗೆ ಆಗ ಇದ್ದದ್ದು ಅದೊಂದೇ.

ನಂಬರಿನ ಕತೆ ಕೇಳು. ಟ್ರಂಕಿನ ಕಾಗದಗಳನ್ನೆಲ್ಲಾ ಹುಡುಕಿದೆ, ಸಿಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನಿಮ್ಮವ್ವನ ಹತ್ತಿರ ಹೇಳುತ್ತಿದ್ದೆ, ನಂಬರ್ ಇಲ್ಲದ ಗಾಡಿಯನ್ನು ಹೇಗೆ ತೆಗೆದುಕೊಂಡು ಹೋಗುವುದು ಎಂದು. ನಿಮ್ಮಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಎಎಟಿ, ಮೂರು ಏಳು ಎರಡು ಆರು."

ಅವನೇ ಗುಜರಿಯವನನ್ನು ಕರೆದವನು. ಕೈ ತೊಳೆದುಕೊಂಡು ಬಂದು ಕನ್ನಡಕ ಹಾಕಿಕೊಂಡ. "ತಾ ಇಲ್ಲಿ, ನಿನ್ನ ಕೈ ನಡಗತೈತಿ," ಎಂದು ಸೂಜಿ ತೆಗೆದುಕೊಂಡು ತಾನೇ ಬರೆದ, ಮುಂದೆ ಒಂದು, ಹಿಂದೆ ಒಂದು. ಹಿಂದಿನದನ್ನು ಬರೆಯುವಾಗ ಡಿಕ್ಕಿಯ ತಗ್ಗನ್ನು ಬೆರಳಿನಿಂದ ಮುಟ್ಟಿದ.

"ಇದು ಭಾಳ ಒಳಗ ಹೋಗೇತಿ. ನಾ ಅಷ್ಟೇನ್ ಜೋರ್ ಬಡದಿರಲಿಲ್ಲ ಗೇಟಿಗೆ."

"ಎಷ್ಟು ವಯಸ್ಸಿತ್ತೋ ನಿನಗ ಆವಾಗ?"

"ಹದಿನಾರು. ಅಪ್ಪ ಯಾರಿಗೂ ಹೇಳಲಿಲ್ಲ. ತಾನ ಬಡದೀನಿ ಅಂದ."

ನನಗೂ ಹಾಗೆಯೇ ಹೇಳಿದ್ದರು. ಡ್ರೈವರಾಗಿ ಮನೆಯ ಗೇಟು ಕಾಣಲಿಲ್ಲವೇ ಎಂದು ನಾನು ವಾರವೆಲ್ಲಾ ಅವರ ಪ್ರಾಣ ತಿಂದಿದ್ದೆ. ನಕ್ಕುಕೊಂಡು ಸುಮ್ಮನಿದ್ದರು. ಆ ತಗ್ಗಿನ ಕಾರಣ ಈಗ ನಿನಗೂ ಗೊತ್ತಾಯಿತು.

ಇನ್ನು ಹದಿನಾಲ್ಕು ದಿನ. ಬಾನೆಟ್ ಒಂದು ಉಳಿದಿದೆ.

ಆಯಿ

*

ಮಲ್ಕಾಜ್‌ಗಿರಿ
೨೩ ಡಿಸೆಂಬರ್, ಸೋಮವಾರ

ಚಿ. ನಿರೀಕ್ಷಾಳಿಗೆ ಆಯಿಯ ಆಶೀರ್ವಾದ.

ನಿಂತಿತು. ಮೇಜಿನ ಮೇಲೆ, ಬಾಗಿಲಿನಿಂದ ಎರಡನೇ ಸಾಲು, ಕಿಟಕಿಯ ಬೆಳಕಿಗೆ. ಮೊದಲು ಇದನ್ನು ಓದಿಕೋ, ಉಳಿದದ್ದನ್ನು ನಿಧಾನವಾಗಿ ಓದು.

ನಿಮ್ಮಪ್ಪ ಸ್ಕೂಟರಿನಲ್ಲಿ ಬಿಡುತ್ತೇನೆ ಎಂದ. ಸ್ಕೂಟರ್ ಕುಲುಕುತ್ತದೆ, ಬೇಡ ಎಂದೆ. ರೊಟ್ಟಿ ಡಬ್ಬಿಯಲ್ಲಿ ಹತ್ತಿ ಹಾಸಿ ಗಾಡಿಯನ್ನು ಕೂರಿಸಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಆಧಾರ್ ಕಾರ್ಡು ನೋಡಿ ಜೀರೋ ಟಿಕೆಟ್ ಕೊಡುವಾಗ ಕಂಡಕ್ಟರ್ ಹುಡುಗಿ, "ಡಬ್ಬಾಲೋ ಏಮುಂದಿ ಅಮ್ಮಾ?" ಎಂದು ಡಬ್ಬಿಯೊಳಗೇನಿದೆ ಕೇಳಿದಳು. ಟ್ಯಾಕ್ಸಿ ಎಂದೆ. ಟ್ಯಾಕ್ಸಿ ಇಟ್ಟುಕೊಂಡು ಬಸ್ಸಿಗೆ ಯಾಕೆ ಬಂದೆ ಎಂದಳು. ಡ್ರೈವರ್ ಹಾಸ್ಟೆಲ್ಲಿನಲ್ಲಿದ್ದಾಳೆ ಎಂದೆ. ಅಬಿಡ್ಸ್ ಬರುವವರೆಗೆ ಆ ಹುಡುಗಿ ನನ್ನ ಸೀಟಿನ ಹತ್ತಿರ ಯಾರನ್ನೂ ನೂಕಲು ಬಿಡಲಿಲ್ಲ.

ಅಲ್ಲಿ ಹೆಸರು ಬರೆದುಕೊಳ್ಳುವವನು ಮೋಹನ ಎಂಬವನು. ಬೀದರದವನಂತೆ, ನನ್ನ ಮಾತು ಕೇಳಿ ಕನ್ನಡಕ್ಕೆ ತಿರುಗಿದ. ನೀನು ಕಳಿಸಿದ ಫೋಟೋ ಅವನ ಹತ್ತಿರ ಇತ್ತು. ಫೋಟೋ ನೋಡಿದ, ಗಾಡಿ ನೋಡಿದ, ಮತ್ತೆ ಫೋಟೋ ನೋಡಿದ.

"ಅಜ್ಜೀ, ಫೋಟೋದಾಗಿನ ಗಾಡಿ ಬ್ಯಾರೆ ಅದ."

"ಅದ ಗಾಡಿನ. ನಡುವ ಒಮ್ಮೆ ಜಳಕ ಆಗೇತಿ."

"ಯಾರ್ ತೊಳದ್ರು?"

"ನಾನ."

"ಮತ್ತ ಈ ತುಕ್ಕು ಯಾರ್ ಮಾಡ್ಯಾರ?"

"ಅದೂ ನಾನ. ಗಾಡಿ ನನ್ನ ಮೊಮ್ಮಗಳು ಕಟ್ಟ್ಯಾಳ, ಹೊಲಸು ನಂದು."

ಅವನು ನಗಲಿಲ್ಲ. ಒಂದು ಗಾಡಿಗೆ ಒಂದೇ ಹೆಸರು, ಕೆಲಸ ಒಬ್ಬರದೇ ಇರಬೇಕು, ಅದು ನಿಯಮ ಎಂದ. ನನ್ನ ಹಿಂದೆ ಆರು ಜನ ತಮ್ಮ ತಮ್ಮ ಪೆಟ್ಟಿಗೆ ಹಿಡಿದುಕೊಂಡು ನಿಂತಿದ್ದರು. ನನಗೆ ಕಾಲು ನೋಯುತ್ತಿತ್ತು.

"ಎರಡು ಹೆಸರು ಬರಿ. ಆಗೂದಿಲ್ಲ ಅಂದ್ರ ಅಕಿದೊಂದ ಬರಿ. ನಂದೊಂದ ಬರದ್ರ ಮಾತ್ರ ಡಬ್ಬಿ ಮುಚ್ಚಿ ಹೊಂಟೆ ನೋಡು."

ಯಾರನ್ನೋ ಒಳಗೆ ಹೋಗಿ ಕೇಳಿ ಬಂದ. ಬಹುಮಾನದ ಸಾಲಿನಲ್ಲಿ ಇಡುವುದಿಲ್ಲ, ನೋಡಲಿಕ್ಕೆ ಇಡುತ್ತೇವೆ, ಆಗಬಹುದೇ ಎಂದ. ನಿನ್ನ ಕಾಗದ ನೆನಪಾಯಿತು. ನಿನಗೆ ಬೇಕಿದ್ದದ್ದು ಮೇಜು. ಆಗಲಿ ಎಂದೆ. ಕಾರ್ಡಿನ ಮೇಲೆ ನಿನ್ನ ಹೆಸರು ಬರೆದು, ಕೆಳಗೆ ಸೂಗಮ್ಮ ಎಂದು ಬರೆದ. ನನ್ನ ಹೆಸರನ್ನು ಯಾರಾದರೂ ಅಷ್ಟು ದಪ್ಪ ಅಕ್ಷರದಲ್ಲಿ ಬರೆದದ್ದು ರೇಷನ್ ಕಾರ್ಡಿನಲ್ಲೂ ನೋಡಿಲ್ಲ.

ಆಮೇಲೆ ಪರೀಕ್ಷೆ ಮಾಡುವ ಇಬ್ಬರು ದೊಡ್ಡ ಭೂತಗನ್ನಡಿ ಹಿಡಿದುಕೊಂಡು ಬಂದರು. ಬಹುಮಾನವಿಲ್ಲದಿದ್ದರೂ ನಮ್ಮ ಗಾಡಿಯ ಮುಂದೆ ನಿಂತರು. ಒಬ್ಬರು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಮೋಹನ ಕನ್ನಡ ಮಾಡಿ ಹೇಳಿದ: ಗಾಡಿ ವರ್ಷಗಟ್ಟಲೆ ನಿಂತದ್ದೆಂದು ಗಾಲಿಯೇ ಹೇಳುತ್ತದೆ, ಹಾಗಿದ್ದರೆ ಡ್ರೈವರ್ ಮುಂದಿನ ಗಾಜು ಮಾತ್ರ ಯಾಕೆ ಒರೆಸಿದೆ, ಇದೊಂದು ತಪ್ಪಲ್ಲವೇ ಎಂದು.

"ಡ್ರೈವರಿಗೆ ದಾರಿ ಕಾಣಬ್ಯಾಡೇನ್ರಿ?" ಎಂದೆ.

ಮೋಹನ ಅದನ್ನು ಇಂಗ್ಲಿಷಿಗೆ ತಿರುಗಿಸಲು ಸ್ವಲ್ಪ ಹೊತ್ತು ತೆಗೆದುಕೊಂಡ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ, "ಅಜ್ಜೀ, ಬಾನೆಟ್ಟಿಗೆ ವಾರ್ನಿಶ್ ಹೊಡದಿಲ್ಲ ನೀವು. ಯಾರಾರ ಬೆರಳು ತಾಗಿಸಿದ್ರ ಧೂಳು ಹೋಗತದ." ಗೊತ್ತು, ಅಲ್ಲಿ ಇನ್ನೂ ಕೆಲಸ ಬಾಕಿ ಐತಿ ಎಂದೆ. ಅದರ ಮುಂದೆ ಒಂದು ಕುರ್ಚಿ ಹಾಕಿಸಿಕೊಂಡು ಸಂಜೆಯವರೆಗೆ ಕಾವಲು ಕೂತೆ. ಇಬ್ಬರು ಮೂವರು ಬೆರಳು ಚಾಚಿದರು. ನನ್ನ ಮುಖ ನೋಡಿ ಕೈ ಹಿಂದೆ ಕಟ್ಟಿಕೊಂಡರು.

ಬಹುಮಾನ ಯಾವುದೋ ಯುದ್ಧದ ಟ್ಯಾಂಕಿಗೆ ಹೋಯಿತು. ಚಂದವೇ ಇತ್ತು. ಆದರೆ ಅದರ ಕೆಸರಿಗೆ ಕಾರಣ ಕೇಳಿದ್ದರೆ ಕಟ್ಟಿದವನು ಹೇಳುತ್ತಿದ್ದನೋ ಇಲ್ಲವೋ.

ಸಂಜೆ ನಿಮ್ಮಪ್ಪ ಕರೆಯಲು ಬಂದ. ನಾನು ಸೆರಗು ಸರಿಮಾಡಿಕೊಂಡು ಎದ್ದರೂ ಅವನು ಮೇಜಿನ ಮುಂದಿನಿಂದ ಕದಲಲಿಲ್ಲ. ದೀಪ ಆರಿಸುವ ಹುಡುಗ ಬಂದು ಹೇಳುವವರೆಗೂ ಕೈ ಕಟ್ಟಿಕೊಂಡು ನಿಂತಿದ್ದ. ಮನೆಗೆ ಬರುವಾಗ ಒಂದೇ ಮಾತಾಡಿದ: "ನಂಬರಿನ್ಯಾಗ ಮೂರರ ಬಾಲ ಸ್ವಲ್ಪ ಉದ್ದ ಆಗೇತಿ."

ಹೂಂ ಎಂದೆ.

ಸೂಗಮ್ಮ

*

ಹಾಸ್ಟೆಲ್
೩೧ ಡಿಸೆಂಬರ್

ಆಯಿಗೆ,

ನಿನ್ನ ಕಾಗದವನ್ನು ರೂಮಿನವರಿಗೆಲ್ಲಾ ತೆಲುಗಿನಲ್ಲಿ ಓದಿ ಹೇಳಿದೆ. "ಹೊಲಸು ನಂದು" ಎಂಬುದಕ್ಕೆ ಸರಿಯಾದ ತೆಲುಗು ಸಿಗಲಿಲ್ಲ. ಅದನ್ನು ಕನ್ನಡದಲ್ಲೇ ಹೇಳಿದೆ, ಎಲ್ಲರಿಗೂ ತಿಳಿಯಿತು.

ಈ ಭಾನುವಾರ ಅಪ್ಪ ಮಾರ್ಕು ಕೇಳಲಿಲ್ಲ. ಡಿಕ್ಕಿಯ ತಗ್ಗನ್ನು ಯಾವುದರಿಂದ ಮಾಡಿದೆ ಎಂದು ಕೇಳಿದರು.

ಸಂಕ್ರಾಂತಿಗೆ ಮೂರು ದಿನ ಬಿಡುತ್ತಾರೆ. ಹದಿಮೂರರ ಮಧ್ಯಾಹ್ನ ಬರುತ್ತೇನೆ.

ಒಂದು ಕೇಳುತ್ತೇನೆ. ಬಾನೆಟ್ ಮೇಲೆ ಗೆರೆ ಎಳೆದೆಯಾ? ಎಲ್ಲಿಯವರೆಗೆ ಎಳೆದೆ?

ನಿರೀಕ್ಷಾ

*

ಮಲ್ಕಾಜ್‌ಗಿರಿ
೫ ಜನವರಿ ೨೦೨೫, ಭಾನುವಾರ

ಚಿ. ನಿರೀಕ್ಷಾಳಿಗೆ ಆಯಿಯ ಆಶೀರ್ವಾದ.

ಮಕ್ತಲ್‌ವರೆಗೆ ಎಳೆದೆ. ಷಾದ್‌ನಗರ, ಜಡ್ಚರ್ಲ, ಮೆಹಬೂಬ್‌ನಗರ, ಎಲ್ಲಾ ತಿರುವುಗಳನ್ನೂ ನಿಮ್ಮಪ್ಪನನ್ನು ಕೇಳಿ ಎಳೆದಿದ್ದೇನೆ. ಕಾಗದದ ಮೇಲೆ ಹನ್ನೊಂದು ಸಲ, ಗಾಡಿಯ ಮೇಲೆ ಒಂದು ಸಲ. ಮಕ್ತಲ್ ಬಂದಾಗ ಹಲ್ಲುಕಡ್ಡಿ ಎತ್ತಿದೆ. ಅದರಾಚೆ ಬಾನೆಟ್ಟಿನ ಅಂಚಿನವರೆಗೆ ಧೂಳು ಹಾಗೇ ಇದೆ. ವಾರ್ನಿಶ್ ಹೊಡೆಯದೆ ಬಿಟ್ಟದ್ದು ಅದಕ್ಕೇ.

ಗಾಡಿಯನ್ನು ನಿನ್ನ ಕಪಾಟಿನ ಮೇಲೆ ಇಟ್ಟಿಲ್ಲ. ಅಂಗಳದಲ್ಲಿ ಬೇವಿನಮರವಿದ್ದ ಕಡೆಗೆ ತೆರೆಯುವ ಕಿಟಕಿಯಲ್ಲಿ ಇಟ್ಟಿದ್ದೇನೆ. ಧೂಳು ಒರೆಸಲು ಬಂದ ನಿಮ್ಮವ್ವನ ಕೈಯಿಂದ ಬಟ್ಟೆ ಕಸಿದುಕೊಂಡೆ.

ಹದಿಮೂರರ ಸಂಜೆ ಅಲ್ಲಿ ಕೂತುಕೋ. ಕೃಷ್ಣಾ ಎಲ್ಲಿ ಬರುತ್ತದೆಂದು ನಿನ್ನ ಮುತ್ಯಾನ ಪಕ್ಕದಲ್ಲಿ ಐದು ವರ್ಷ ಸ್ಟೇರಿಂಗ್ ಹಿಡಿದ ನಿನಗೆ ಗೊತ್ತಿರುತ್ತದೆ. ನಿಧಾನವಾಗಿ ಎಳೆ, ಎಷ್ಟು ಹೊತ್ತಾದರೂ ಆಗಲಿ. ಕತ್ತಲಾದರೂ ಆಗಲಿ. ರೊಟ್ಟಿ ಮುಚ್ಚಿಟ್ಟು ನಾನು ಒಲೆಯ ಮುಂದೆ ಕೂತಿರುತ್ತೇನೆ.

ಊಟಕ್ಕೆ ಕರೆಯುವುದಿಲ್ಲ.

ನಿನ್ನ ಆಯಿ
ಸೂಗಮ್ಮ, ದೇವಸೂಗೂರು